ಗ್ಯಾಸ್ ವಾಸನೆ ಬಂದರೆ

ಅಕ್ಕ, ಟಿ. ದಾಸರಹಳ್ಳಿಯ ವಠಾರದಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಂದು ಮನೆಯಲ್ಲಿ ಗ್ಯಾಸ್ ಸೋರಿದರೆ ಎಲ್ಲರಿಗೂ ಅಪಾಯ.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪೆರ್ನೆ ಎಂಬ ಊರಿದೆ. 2013ರ ಏಪ್ರಿಲ್ 9ರಂದು ಅಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿತು. ಗ್ಯಾಸ್ ಸೋರಿ ಬೆಂಕಿ ಹೊತ್ತಿತು. ರಸ್ತೆ ಪಕ್ಕದ ಮನೆಗಳೂ ಸುಟ್ಟವು. ಹಲವರು ಸತ್ತರು.

ಯಾಕೆ ಹೀಗಾಯ್ತು? ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗೋದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ದೂರದ ಒಂದು ಕಿಡಿ ಸಾಕು. ಬೆಂಕಿ ಓಡಿ ಬರುತ್ತದೆ. ಪಕ್ಕದ ಸಿಲಿಂಡರ್ ಕಾದರೆ ಅದೂ ಸಿಡಿಯಬಹುದು.

ವಾಸನೆ ಬಂತೇ? ಕಡ್ಡಿ ಗೀರಬೇಡಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ. ಬಾಗಿಲು, ಕಿಟಕಿ ತೆರೆಯಿರಿ. ಮಕ್ಕಳನ್ನು ಹೊರಗೆ ಕರೆತನ್ನಿ. ಪಕ್ಕದ ಮನೆಯವರನ್ನು ಕೂಗಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ.

ಈ ನಂಬರನ್ನು ಇವತ್ತೇ ಗೋಡೆ ಮೇಲೆ ಬರೆಯಿರಿ. ನೀವೇ ಬರೆಯಿರಿ.