ಜಾಯಿನ್ ಮಾಡಿದ್ವಿ, ಅಜ್ಜಂಪುರದವರು ಮಾಯ!

ಹಬ್ಬಕ್ಕೆ ಊರಿಗೆ ಹೊರಡೋರೆಲ್ಲ ಒಟ್ಟಿಗೆ ಹೋಗೋಣ ಅಂತ ನಾವು ಒಂದು ಸಣ್ಣ ವೆಬ್ ಪೇಜ್ ಮಾಡಿದ್ವಿ. ಡೇಟಾಬೇಸ್‌ನಲ್ಲಿ ಎರಡು ಟೇಬಲ್. ಒಂದರಲ್ಲಿ ವಿದ್ಯಾರ್ಥಿಯ ಹೆಸರು, ಇಳಿಯುವ ಸ್ಟೇಷನ್. ಇನ್ನೊಂದರಲ್ಲಿ ಸ್ಟೇಷನ್, ತಾಲ್ಲೂಕು, ರೈಲು ಮಾರ್ಗ. ಬೆಂಗಳೂರಿನಿಂದ ಬರುವಾಗ ಕಡೂರು ದಾಟಿದರೆ ಬೀರೂರು. ಅಲ್ಲಿ ದಾರಿ ಕವಲೊಡೆಯುತ್ತೆ: ತರೀಕೆರೆಯವರಿಗೆ ಶಿವಮೊಗ್ಗದ ಟ್ರೈನ್, ಅಜ್ಜಂಪುರದವರಿಗೆ ಹುಬ್ಬಳ್ಳಿ ಕಡೆಯದು. ಎರಡು ಟೇಬಲ್ ಸೇರಿಸದೆ ಯಾರಿಗೆ ಯಾವ ಟ್ರೈನ್ ಅಂತ ಹೇಳೋಕಾಗಲ್ಲ.

ಮೊದಲು ನಾವು ವಿದ್ಯಾರ್ಥಿಗಳ ಪಟ್ಟಿ ತಂದು, ಲೂಪ್ ಹಾಕಿ ಒಬ್ಬೊಬ್ಬರಿಗೂ ಸ್ಟೇಷನ್ ಹುಡುಕಿದ್ವಿ. 40 ಜನ ಇದ್ದರೆ 41 ಕ್ವೆರಿ! ಅಷ್ಟೂ ಕೆಲಸವನ್ನು ಒಂದೇ ಜಾಯಿನ್ ಮಾಡುತ್ತೆ.

ಇನ್ನರ್ ಜಾಯಿನ್ ಹಾಕಿದ್ವಿ. ಪೇಜ್ ಫಾಸ್ಟ್ ಆಯ್ತು, ಎರರ್ ಒಂದೂ ಇಲ್ಲ. ಆದರೆ ಅಜ್ಜಂಪುರದ ಕೆಲವರ ಹೆಸರೇ ಇಲ್ಲ! ಗೆಳೆಯನೊಬ್ಬ ಬಂದು “ಏನ್ರೋ, ನನ್ನ ಬಿಟ್ಟು ಹೋಗ್ತೀರಾ?” ಅಂದಾಗಲೇ ನಮಗೆ ಗೊತ್ತಾಗಿದ್ದು.

ತಪ್ಪು ನಮ್ಮದೇ. ಊರಿನ ಹೆಸರಿನ ಮೇಲೆ ಜಾಯಿನ್ ಮಾಡಿದ್ವಿ. ಫಾರ್ಮ್‌ನಲ್ಲಿ ಕೆಲವರು ‘ಅಜ್ಜಂಪುರ’ ಅಂತ, ಕೆಲವರು ‘ಅಜ್ಜಂಪುರ್’ ಅಂತ ತುಂಬಿದ್ರು. ನಮಗೆ ಎರಡೂ ಒಂದೇ ಊರು, ಡೇಟಾಬೇಸ್‌ಗೆ ಬೇರೆ ಬೇರೆ. ಇನ್ನರ್ ಜಾಯಿನ್ ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಕೊಡುತ್ತೆ. ಹೊಂದದ್ದನ್ನು ಸದ್ದಿಲ್ಲದೆ ಬಿಡುತ್ತೆ.

ಸರಿಪಡಿಸಿದ್ದು ಹೀಗೆ:

1. ಲೆಫ್ಟ್ ಜಾಯಿನ್ ಹಾಕಿದ್ವಿ. ಇದರಲ್ಲಿ ಎಡಗಡೆ ಟೇಬಲ್‌ನ ಎಲ್ಲರೂ ಉಳಿಯುತ್ತಾರೆ. ಜೋಡಿ ಸಿಗದವರ ಮುಂದೆ ‘ನಲ್’ ಬರುತ್ತೆ. ನಲ್ ಇರುವ ಸಾಲುಗಳನ್ನು ಮಾತ್ರ ಕೇಳಿದರೆ ತಪ್ಪಿಹೋದವರ ಪಟ್ಟಿ ಸಿಕ್ಕಿತು.

2. ಹೆಸರಿನ ಬದಲು ರೈಲ್ವೆಯ ಸ್ಟೇಷನ್ ಕೋಡ್ ಇಟ್ಟೆವು. ಕಡೂರಿಗೆ ಡಿಆರ್‌ಯು, ತರೀಕೆರೆಗೆ ಟಿಕೆಇ, ಅಜ್ಜಂಪುರಕ್ಕೆ ಎಜೆಪಿ. ಹೆಸರು ಹೇಗೆ ಬರೆದರೂ ಕೋಡ್ ಒಂದೇ.

3. ಆ ಕೋಡನ್ನು ಫಾರಿನ್ ಕೀ ಮಾಡಿ, ಫಾರ್ಮ್‌ನಲ್ಲಿ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವಂತೆ ಮಾಡಿದ್ವಿ. ಪಟ್ಟಿಯಲ್ಲಿಲ್ಲದ ಕೋಡ್ ಈಗ ಒಳಗೇ ಬರಲ್ಲ.

ಇನ್ನೊಂದು ಲಾಭವೂ ಇದೆ. ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ತಾಲ್ಲೂಕಿನ ಹೆಸರನ್ನು ಪ್ರತಿ ವಿದ್ಯಾರ್ಥಿಯ ಸಾಲಿನಲ್ಲೂ ಬರೆದಿಟ್ಟಿದ್ದರೆ ಅಷ್ಟೂ ಸಾಲು ತಿದ್ದಬೇಕು. ಸ್ಟೇಷನ್ ಟೇಬಲ್‌ನಲ್ಲಿದ್ದರೆ ಒಂದೇ ಸಾಲು ತಿದ್ದಿದರೆ ಸಾಕು.

ನಮ್ಮ ಪೇಜ್‌ನಲ್ಲಿ ಒಬ್ಬನ ಹೆಸರು ತಪ್ಪಿದರೆ ಅವನು ಬಂದು ಬೈತಾನೆ, ಸರಿಹೋಗುತ್ತೆ. ಮುಂದೆ ನಾವೇ ಪಹಣಿಗೋ ಸ್ಕಾಲರ್‌ಶಿಪ್‌ಗೋ ಸಾಫ್ಟ್‌ವೇರ್ ಬರೆದಾಗ ತಪ್ಪಿದರೆ, ಆ ರೈತನಿಗೆ, ಆ ಹುಡುಗಿಗೆ ಯಾಕೆ ಅಂತಲೇ ಗೊತ್ತಾಗಲ್ಲ. ಅದಕ್ಕೇ ಜಾಯಿನ್ ಆದಮೇಲೆ ಎಷ್ಟು ಸಾಲು ಬಂತು, ಎಷ್ಟು ಬರಬೇಕಿತ್ತು ಅಂತ ಒಮ್ಮೆ ಎಣಿಸಿ ನೋಡೋಣ.