ನಿಂಬೆರಸದ ಮೀನು: ಪೆರು ದೇಶದ ಸೆವಿಚೆಯೂ ನಮ್ಮ ಅಡುಗೆಮನೆಯೂ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕೊಳೆರೋಗ, ಸಾಲದ ಕಂತು ಇಂಥ ವಿಷಯಗಳನ್ನೇ ಬರೆಯುತ್ತ ಬಂದವನು. ಈ ಸಲ ಒಂದು ಅಡುಗೆಯ ವಿಷಯ ಬರೆಯುತ್ತಿರುವುದನ್ನು ನೋಡಿ ಕೆಲವರು ನಗಬಹುದು. ಸಸ್ಯಾಹಾರಿ ಸದಸ್ಯರು ಹಾಳೆ ಮಗುಚಲೂಬಹುದು. ಆದರೆ ಕೊನೆಯಲ್ಲಿ ಅವರಿಗೂ ಒಂದು ಮಾತಿದೆ. ಬರೆಯಲು ಕಾರಣ ನನ್ನ ಮನೆಯಲ್ಲೇ ನಡೆದ ಒಂದು ಪ್ರಸಂಗ. ಅದರಲ್ಲಿ ತಪ್ಪು ಪೂರ್ತಿ ನನ್ನದೇ.

ಹೋದ ವರ್ಷ ದೀಪಾವಳಿಗೆ ಮಗಳು, ಅಳಿಯ ಬೆಂಗಳೂರಿನಿಂದ ಬಂದಿದ್ದರು. ಅಲ್ಲಿನ ಹೋಟೆಲೊಂದರಲ್ಲಿ ತಿಂದ 'ಸೆವಿಚೆ' ಎಂಬ ತಿನಿಸಿನ ವರ್ಣನೆ ಮಾಡಿದರು. ಹಸಿ ಮೀನಿನ ತುಂಡುಗಳನ್ನು ನಿಂಬೆರಸದಲ್ಲಿ ನೆನೆಸಿ, ಒಲೆಗೆ ಇಡದೆಯೇ ತಿನ್ನುವುದು. ಘಟ್ಟದ ಕೆಳಗಿನಿಂದ ಬರುವ ಮೀನಿನ ಗಾಡಿಯಲ್ಲಿ ಆ ದಿನ ಒಳ್ಳೆಯ ಅಂಜಲ್ ಸಿಕ್ಕಿತು. ಮನೆಯಲ್ಲೇ ಮಾಡೋಣ ಎಂದು ಎಲ್ಲರಿಗಿಂತ ಹೆಚ್ಚು ಉತ್ಸಾಹ ತೋರಿದವನು ನಾನು. ಎಂಬತ್ತು ದಾಟಿದ ನಮ್ಮ ಅವ್ವ ತಟ್ಟೆ ನೋಡಿ, "ಅಲ್ಲ ಕಣೋ ಮಗಾ, ಒಲೆ ಮೇಲೆ ಇಡದ ಮೀನು ತಿಂದ್ರೆ ಆಗ್ತದೇನೋ?" ಎಂದು ಕೇಳಿದರು. ನಾನು ವಿಜ್ಞಾನ ಪದವೀಧರ. "ನಿಂಬೆಹುಳಿಯಲ್ಲೇ ಬೆಂದಿದೆ ಅವ್ವ, ಕ್ರಿಮಿಗಳೆಲ್ಲ ಸತ್ತಿರ್ತವೆ" ಎಂದೆ. ಮಗ ಓದಿದವನು ಎಂಬ ನಂಬಿಕೆಯಿಂದ ಅವರು ತಿಂದರು.

ಮರುದಿನ ಬೆಳಗಾಗುವ ಮೊದಲೇ ಮೂವರಿಗೆ ವಾಂತಿಭೇದಿ ಹಿಡಿಯಿತು. ನಾವು ಇಬ್ಬರು ಗಂಜಿ, ಉಪ್ಪು ಸಕ್ಕರೆ ನೀರಿನಲ್ಲಿ ಸುಧಾರಿಸಿಕೊಂಡೆವು. ಅವ್ವ ಮಾತ್ರ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಬೇಕಾಯಿತು. ವೈದ್ಯರು "ಮೀನು ಬೇಯಿಸಿದ್ದಿರಾ?" ಎಂದು ಕೇಳಿದಾಗ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ದೇವರ ದಯೆಯಿಂದ ಅವರು ಈಗ ಆರೋಗ್ಯವಾಗಿದ್ದಾರೆ. ಆ ಮೇಲೆ ಈ ವಿಷಯವನ್ನು ಕೂತು ಓದಿ, ಕೇಳಿ ತಿಳಿದುಕೊಂಡೆ. ನಮ್ಮಲ್ಲಿ ಹೋಂಸ್ಟೇ ನಡೆಸುವ ಸದಸ್ಯರು ಈಗ ಅನೇಕರಿದ್ದಾರೆ. ಅತಿಥಿಗಳು ಇಂಥ ತಿನಿಸು ಕೇಳುವುದೂ ಉಂಟು. ಅವರಿಗೆ ಉಪಯೋಗವಾಗಲೆಂದು ಈ ಪಾಠ.

ಇದು ಎಲ್ಲಿಯ ತಿನಿಸು?

ಸೆವಿಚೆ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯದು. ಮುಖ್ಯವಾಗಿ ಪೆರು ದೇಶದ್ದು. ಆ ದೇಶದ ಕರಾವಳಿಗುಂಟ ಹಂಬೋಲ್ಟ್ ಎಂಬ ತಣ್ಣೀರಿನ ಪ್ರವಾಹ ಹರಿಯುವುದರಿಂದ ಅಲ್ಲಿ ಮೀನಿನ ಸಮೃದ್ಧಿ ಹೆಚ್ಚು. ಬೆಳಗಿನ ಜಾವ ಹಿಡಿದ ಮೀನನ್ನು ಮಧ್ಯಾಹ್ನದೊಳಗೆ ತಿಂದು ಮುಗಿಸುವುದು ಹಳೆಯ ಪದ್ಧತಿ. ಈಗಲೂ ಅಲ್ಲಿ ಸೆವಿಚೆಯನ್ನು ಮಧ್ಯಾಹ್ನದ ಊಟವೆಂದೇ ಎಣಿಸುತ್ತಾರೆ. ಅದನ್ನು ಮಾರುವ ಅನೇಕ ಅಂಗಡಿಗಳು ಸಂಜೆಯೊಳಗೆ ಬಾಗಿಲು ಹಾಕುತ್ತವೆ. 2004ರಲ್ಲಿ ಪೆರು ಸರ್ಕಾರ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. 2023ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪೆರು ನಮಗೆ ಅಪರಿಚಿತ ದೇಶವಲ್ಲ. ಅಲ್ಲಿಯೂ ಅರೇಬಿಕಾ ಕಾಫಿ ಬೆಳೆಯುವವರಲ್ಲಿ ಹೆಚ್ಚಿನವರು ನಮ್ಮಂಥ ಸಣ್ಣ ಹಿಡುವಳಿದಾರರೇ. ಅವರಿಗೂ ಸಹಕಾರ ಸಂಘಗಳಿವೆ. 2013ರ ಸುಮಾರಿಗೆ ಎಲೆ ತುಕ್ಕುರೋಗ ಅವರ ತೋಟಗಳನ್ನೂ ಬೋಳು ಮಾಡಿತು.

ಇನ್ನೊಂದು ನಂಟೂ ಇದೆ. ಆ ತಟ್ಟೆಯಲ್ಲಿರುವ ನಿಂಬೆ ಅವರದಲ್ಲ, ಏಷ್ಯಾ ಖಂಡದ್ದು. ನಮ್ಮ ಹಿತ್ತಿಲಿನ ತೆಳುಸಿಪ್ಪೆಯ ಸಣ್ಣ ನಿಂಬೆಯ ಜಾತಿಯೇ ಅದು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಅಲ್ಲಿಗೆ ಒಯ್ದರು. ಅದೇ ಕಾಲದಲ್ಲಿ ಆ ಖಂಡದಿಂದ ಈಚೆಗೆ ಬಂದದ್ದು ಮೆಣಸಿನಕಾಯಿ, ಗೆಣಸು, ಮೆಕ್ಕೆಜೋಳ. ನಮ್ಮ ತೋಟದ ಮೂಲೆಯಲ್ಲಿ ತಾನಾಗಿ ಹುಟ್ಟುವ ಸೂಜಿಮೆಣಸಿನ ಮೂಲವೂ ಅದೇ ಖಂಡ. ಹೀಗೆ ಅವರ ಖಾರ ನಮಗೆ ಬಂತು, ನಮ್ಮ ಕಡೆಯ ಹುಳಿ ಅವರಿಗೆ ಹೋಯಿತು.

ಹುಳಿ ಮಾಡುವ ಕೆಲಸವೇನು?

ಹಸಿ ಮೀನು ಅರೆಪಾರದರ್ಶಕವಾಗಿರುತ್ತದೆ. ನಿಂಬೆರಸ ಹಾಕಿದ ಕೆಲವೇ ನಿಮಿಷಗಳಲ್ಲಿ ಅದು ಬೆಳ್ಳಗಾಗಿ, ಗಟ್ಟಿಯಾಗಿ, ಬೆಂದಂತೆ ಕಾಣುತ್ತದೆ. ಕಾಣುವುದಷ್ಟೇ ಹೌದು, ಬೇಯುವುದಲ್ಲ. ಹಾಲಿಗೆ ನಿಂಬೆ ಹಿಂಡಿದರೆ ಒಡೆದು ಗಡ್ಡೆಕಟ್ಟುವುದನ್ನು ನೋಡಿದ್ದೇವೆ. ಹಾಲಿನ ಸಸಾರಜನಕ ಹುಳಿಯಿಂದ ಹೇಗೆ ಗಡ್ಡೆಯಾಗುತ್ತದೋ ಹಾಗೆಯೇ ಮೀನಿನ ಮಾಂಸದ ಸಸಾರಜನಕವೂ ತನ್ನ ಸುರುಳಿ ಬಿಚ್ಚಿ ಹೆಪ್ಪುಗಟ್ಟುತ್ತದೆ.

ಮಣ್ಣು ಪರೀಕ್ಷೆಯ ವರದಿಯಲ್ಲಿ 'ರಸಸಾರ' ಎಂಬ ಅಂಕಣವನ್ನು ನಾವೆಲ್ಲ ಬಲ್ಲೆವು. ಕಾಫಿಗೆ 6ರಿಂದ 6.5 ಇದ್ದರೆ ಒಳ್ಳೆಯದು. ಇಳಿದರೆ ಸುಣ್ಣ ಹಾಕುತ್ತೇವೆ. ನಿಂಬೆರಸದ ರಸಸಾರ ಸುಮಾರು 2ರಿಂದ 2.5. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುವ ಲೆಕ್ಕದಲ್ಲಿ, ನಿಂಬೆರಸ ನಮ್ಮ ತೋಟದ ಮಣ್ಣಿಗಿಂತ ಸಾವಿರಾರು ಪಟ್ಟು ಹುಳಿ. ಇಷ್ಟು ತೀಕ್ಷ್ಣವಾದದ್ದು ಕ್ರಿಮಿಗಳನ್ನು ಬಿಟ್ಟೀತೇ ಎಂದು ನಾನು ತರ್ಕಿಸಿದ್ದೆ. ನನ್ನ ತರ್ಕ ತಪ್ಪಿದ್ದು ಇಲ್ಲಿಯೇ.

ಹುಳಿ ಮಾಡಲಾಗದ ಕೆಲಸ

1. ರೋಗಾಣುಗಳು: ನಿಂಬೆರಸ ಕೆಲವು ಜಾತಿಯ ರೋಗಾಣುಗಳನ್ನು ಬಹಳ ತಗ್ಗಿಸುತ್ತದೆ ನಿಜ. ಕಾಲರಾ ರೋಗಾಣು ಹುಳಿಗೆ ಅಂಜುತ್ತದೆ. ಆದರೆ ಸಾಲ್ಮೊನೆಲ್ಲಾದಂಥವು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. 1991ರಲ್ಲಿ ಪೆರು ದೇಶದಲ್ಲಿ ಕಾಲರಾ ಹಬ್ಬಿ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿ, ಸುಮಾರು 2,900 ಮಂದಿ ತೀರಿಕೊಂಡರು. ಆಗ ಸೆವಿಚೆಯ ಮೇಲೂ ಅಪವಾದ ಬಂದು ಬೆಸ್ತರ ವ್ಯಾಪಾರ ಬಿದ್ದುಹೋಯಿತು. ಕೊನೆಗೆ ಮಲಿನವಾದ ಕುಡಿಯುವ ನೀರೇ ದೊಡ್ಡ ವಾಹಕವೆಂದು ತಿಳಿದುಬಂತು. ಹಲಗೆ, ಚಾಕು, ಕೈ, ನೀರು ಇವು ಶುದ್ಧವಿಲ್ಲದಿದ್ದರೆ ನಿಂಬೆ ನಮ್ಮನ್ನು ಕಾಯಲಾರದು.

2. ಹುಳುಗಳು: ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ದಾರದಂಥ ಹುಳುವಿನ ಮರಿ ಇರಬಹುದು. ಇದು ನಿಂಬೆ, ವಿನಿಗರ್ ಯಾವುದಕ್ಕೂ ಬೇಗ ಸಾಯುವುದಲ್ಲ. ಇದನ್ನು ಕೊಲ್ಲುವುದು ಎರಡೇ: ಚೆನ್ನಾಗಿ ಬೇಯಿಸುವುದು, ಇಲ್ಲವೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಏಳು ದಿನ ಇಡುವುದು. ಸ್ಪೇನ್ ದೇಶದಲ್ಲಿ ಹಸಿಯಾಗಿ ಬಡಿಸುವ ಮೀನನ್ನು ಮೊದಲು ಹೆಪ್ಪುಗಟ್ಟಿಸಲೇಬೇಕೆಂದು 2006ರಲ್ಲಿ ಕಾನೂನು ಮಾಡಿದರು. ನಮ್ಮ ಮನೆಯ ಫ್ರಿಜ್ಜಿನ ಮೇಲರೆ ಅಷ್ಟು ಶೈತ್ಯಕ್ಕೆ ಹೋಗುವ ಭರವಸೆಯಿಲ್ಲ. ಮಳೆಗಾಲದಲ್ಲಿ ಕರೆಂಟು ಇರುವ ಭರವಸೆ ಅದಕ್ಕಿಂತ ಕಡಿಮೆ. ಹೆಪ್ಪುಗಟ್ಟಿಸಿದರೂ ಹುಳು ಸಾಯುತ್ತದೆಯೇ ಹೊರತು ರೋಗಾಣುಗಳೆಲ್ಲ ಸಾಯುವುದಿಲ್ಲ.

3. ಹೊಳೆ, ಕೆರೆಯ ಮೀನು: ಇವುಗಳಲ್ಲಿ ಬೇರೆ ಬಗೆಯ ಹುಳುಗಳಿದ್ದು ಮನುಷ್ಯನ ದೇಹ ಸೇರಿ ಬಹುಕಾಲ ಕಾಡಬಲ್ಲವು. ಆದಕಾರಣ ತುಂಗಾ, ಭದ್ರಾ, ಹೇಮಾವತಿಯ ಮೀನಾಗಲಿ, ನಮ್ಮ ತೋಟದ ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು ಆಗಲಿ, ಎಷ್ಟೇ ತಾಜಾ ಇದ್ದರೂ ಹಸಿಯಾಗಿ ಎಂದೂ ತಿನ್ನಕೂಡದು.

4. ಕೆಟ್ಟ ಮೀನಿನ ನಂಜು: ಬಂಗುಡೆ, ಅಂಜಲ್, ಕೇದಾರ್ ಜಾತಿಯ ಮೀನು ಐಸಿಲ್ಲದೆ ಬಿಸಿಲಿಗೆ ಸಿಕ್ಕರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಇದನ್ನು ನಿಂಬೆಯೂ ತೆಗೆಯದು, ಬೆಂಕಿಯೂ ತೆಗೆಯದು. ಮೊದಲಿನಿಂದ ಕೊನೆಯವರೆಗೆ ಐಸು ಬಿಡದಿರುವುದೊಂದೇ ದಾರಿ.

ಮೀನು ಆರಿಸುವುದು

ಇಡೀ ಮೀನನ್ನೇ ಕೊಂಡು ಎದುರಿನಲ್ಲಿ ಕತ್ತರಿಸಿಕೊಳ್ಳಿರಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಘಟ್ಟ ಹತ್ತುವ ಮೀನು ಎಲ್ಲಿಯದು, ಎಷ್ಟು ದಿನದ್ದು ಎಂದು ವಿಚಾರಿಸದೆ ಕೊಳ್ಳಬೇಡಿರಿ. ಮುಳ್ಳು ಕಡಿಮೆಯಿರುವ ಅಂಜಲ್, ಮಾಂಜಿ, ಕಾಣೆ ಅಥವಾ ಸೀಗಡಿ ಇದಕ್ಕೆ ಅನುಕೂಲ.

ನಮ್ಮ ಮನೆಗೆ ಒಪ್ಪುವ ವಿಧಾನ

ಪೆರುವಿನಲ್ಲಿಯೂ ಸೀಗಡಿಯನ್ನು ಮೊದಲು ಬಿಸಿನೀರಿನಲ್ಲಿ ಬೇಯಿಸಿ ಆಮೇಲೆ ಹುಳಿಗೆ ಹಾಕುವ ರೂಢಿ ಇದೆ. ಅದೇ ಕ್ರಮವನ್ನು ಮೀನಿಗೂ ಅನುಸರಿಸಿದರೆ ರುಚಿಗೆ ಹೆಚ್ಚು ನಷ್ಟವಿಲ್ಲ, ಭಯ ಬಹುಪಾಲು ಕಳೆಯುತ್ತದೆ. ನಮ್ಮ ಮನೆಯಲ್ಲಿ ಈಗ ಮಾಡುವುದು ಹೀಗೆ.

ಸಾಮಾನು (ನಾಲ್ಕು ಜನಕ್ಕೆ): ಮುಳ್ಳು, ಚರ್ಮ ತೆಗೆದ ಮೀನು ಅಥವಾ ಸುಲಿದ ಸೀಗಡಿ ಅರ್ಧ ಕಿಲೋ; ನಿಂಬೆಹಣ್ಣು 10ರಿಂದ 12; ಈರುಳ್ಳಿ 1; ಸೂಜಿಮೆಣಸು 4 ಅಥವಾ ಹಸಿಮೆಣಸಿನಕಾಯಿ 2; ಕೊತ್ತಂಬರಿ ಸೊಪ್ಪು ಒಂದು ಹಿಡಿ; ಶುಂಠಿ ಒಂದು ತುಂಡು; ಉಪ್ಪು; ಗೆಣಸು 2; ಮೆಕ್ಕೆಜೋಳದ ತೆನೆ 1.

1. ಗೆಣಸು, ಜೋಳ ಬೇಯಿಸಿ ಆರಿಸಿಡಿ. ಹುಳಿಯ ನಡುವೆ ಈ ಸಿಹಿ ಬೇಕೇ ಬೇಕು.

2. ಈರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿ, ಕುದಿಸಿ ಆರಿಸಿದ ನೀರಿನಲ್ಲಿ ಹತ್ತು ನಿಮಿಷ ಹಾಕಿ ಬಸಿಯಿರಿ. ಘಾಟು ಇಳಿಯುತ್ತದೆ.

3. ಮೀನನ್ನು ಮುಕ್ಕಾಲು ಅಂಗುಲದ ತುಂಡು ಮಾಡಿ. ಈ ಹಲಗೆ, ಚಾಕುಗಳನ್ನು ಸಾಬೂನು ಹಾಕಿ ತೊಳೆಯುವವರೆಗೆ ಸೊಪ್ಪು ತರಕಾರಿಗೆ ಮುಟ್ಟಿಸಬೇಡಿರಿ.

4. ಅಗಲ ಪಾತ್ರೆಯಲ್ಲಿ ನೀರು, ಉಪ್ಪು, ಜಜ್ಜಿದ ಶುಂಠಿ ಹಾಕಿ ಕುದಿಸಿ. ತುಂಡುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಸುಮಾರು ಮೂರು ನಿಮಿಷ ಬೇಯಿಸಿ. ದೊಡ್ಡ ತುಂಡೊಂದನ್ನು ಬಿಡಿಸಿ ನೋಡಿ. ನಡುವೆಯೂ ಬೆಳ್ಳಗಾಗಿ ಪದರ ಬಿಡಬೇಕು. ಸೀಗಡಿಯಾದರೆ ಕೆಂಪಾಗಿ ಸುರುಟಿಕೊಳ್ಳಬೇಕು. ಉಷ್ಣಮಾಪಕವಿದ್ದವರು ಒಳಗೆ 63 ಡಿಗ್ರಿ ಬಂದಿದೆಯೇ ಎಂದು ನೋಡಬಹುದು.

5. ಕೂಡಲೇ ತೆಗೆದು, ಕುದಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟ ತಣ್ಣೀರಿಗೆ ಹಾಕಿ. ಆರಿದ ಮೇಲೆ ನೀರು ಪೂರ್ತಿ ಬಸಿಯಿರಿ.

6. ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮೀನು, ಉಪ್ಪು, ಕೊಚ್ಚಿದ ಮೆಣಸು, ಈರುಳ್ಳಿ ಬೆರೆಸಿ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಕೂಡದು. ಹುಳಿಗೆ ಕಿಲುಬು ಬಿಡುತ್ತದೆ. ನಿಂಬೆಯನ್ನು ಆಗಲೇ ಹಿಂಡಿ. ಸಿಪ್ಪೆಯ ಕಹಿ ಇಳಿಯುವಷ್ಟು ಬಲವಾಗಿ ಅಲ್ಲ.

7. ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು, ಕೊತ್ತಂಬರಿ ಉದುರಿಸಿ, ಗೆಣಸು ಜೋಳದೊಂದಿಗೆ ಬಡಿಸಿ. ತಳದಲ್ಲಿ ಉಳಿಯುವ ಹುಳಿಖಾರದ ರಸಕ್ಕೆ ಪೆರುವಿನವರು 'ಹುಲಿಯ ಹಾಲು' ಎನ್ನುತ್ತಾರೆ. ಅದನ್ನು ಕುಡಿಯುವವರೂ ಇದ್ದಾರೆ. ಹೆಚ್ಚು ಹೊತ್ತು ನೆನೆದರೆ ಮೀನು ರಬ್ಬರಿನಂತಾಗುತ್ತದೆ. ಉಳಿದದ್ದನ್ನು ನಾಳೆಗೆ ಇಡಬೇಡಿರಿ.

ಹೋಂಸ್ಟೇ ನಡೆಸುವವರಿಗೆ ಎರಡು ಮಾತು

ಅತಿಥಿಗಳು ಹಸಿಯದೇ ಬೇಕೆಂದು ಒತ್ತಾಯಿಸಿದರೂ ಒಪ್ಪಬೇಡಿರಿ. ಶಾಸ್ತ್ರೋಕ್ತವಾಗಿ ಹೆಪ್ಪುಗಟ್ಟಿಸಿದ ಮೀನು, ಮುರಿಯದ ಶೀತಲ ಸಾಗಣೆ ಇವು ನಮ್ಮ ಕೈಯಲ್ಲಿಲ್ಲ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಪಿತ್ತಜನಕಾಂಗದ ಕಾಯಿಲೆಯವರು ಮತ್ತು ಮಧುಮೇಹಿಗಳು ಹಸಿ ಮೀನಿನಿಂದ ದೂರವಿರಬೇಕೆಂಬುದು ವೈದ್ಯರ ಮಾತು. ಬೆಂದ ಮೀನಿನದು ಎಂದು ಮೊದಲೇ ಹೇಳಿ ಬಡಿಸಿದರೆ ಯಾರೂ ಬೇಸರಿಸುವುದಿಲ್ಲ.

ಇನ್ನು ಸಸ್ಯಾಹಾರಿ ಬಂಧುಗಳಿಗೆ. ಎಳೆಯ ಬಾಳೆದಿಂಡು ಹೆಚ್ಚಿ, ಉಪ್ಪು, ಹಸಿಮೆಣಸು, ಕೊತ್ತಂಬರಿ, ನಿಂಬೆರಸ ಹಾಕಿ ಮಾಡುವ ಕೋಸಂಬರಿ ತಮ್ಮ ಮನೆಗಳಲ್ಲಿ ತಲೆಮಾರಿನಿಂದ ಇದೆ. ಬದಿಗೆ ಬೆಂದ ಗೆಣಸು ಇಟ್ಟುಕೊಂಡರೆ ಪೆರುವಿನ ರುಚಿಯ ಅರ್ಧ ದಾರಿ ಕ್ರಮಿಸಿದಂತೆಯೇ.

ಯುಗಾದಿಯ ಮಾರನೆಯ ದಿನ ಈ ಬೇಯಿಸಿದ ಕ್ರಮದಲ್ಲಿ ಸೀಗಡಿ ಮಾಡಿ ಅವ್ವನ ಮುಂದಿಟ್ಟೆ. ಅವರು ಮೊದಲು ಒಂದನ್ನು ಬೆರಳಲ್ಲಿ ಬಿಡಿಸಿ ನೋಡಿದರು. "ಈ ಸಲ ಒಲೆ ಹಚ್ಚಿದ್ಯಲ್ಲ?" ಎಂದರು. ಹೌದೆಂದ ಮೇಲೆ ಬಾಯಿಗಿಟ್ಟುಕೊಂಡು, ಹುಳಿ ಸ್ವಲ್ಪ ಜಾಸ್ತಿಯಾಯಿತು ಎಂದರು. ಆ ಪ್ರಶ್ನೆಯನ್ನು ಮೊದಲ ಸಲವೇ ನಾನು ಕಿವಿಯ ಮೇಲೆ ಹಾಕಿಕೊಳ್ಳಬೇಕಿತ್ತು. ಸದಸ್ಯರು ನನ್ನ ತಪ್ಪಿನಿಂದ ಪಾಠ ಕಲಿತರೆ ಬರೆದದ್ದು ಸಾರ್ಥಕ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ