ಗೊಜಿರಾನ ಗೊಂಬೆಗಳು: ಸಂಗ್ರಹದಿಂದ ಕಲಿಯುವ ಪಾಠ

ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ಸಂಗ್ರಹಿಸುವ ಹವ್ಯಾಸವು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದರಿಂದ ಭೂಗೋಳವನ್ನೂ ಇತಿಹಾಸವನ್ನೂ ಕಲಿಯಬಹುದೆಂದು ಹಿರಿಯರೂ ಒಪ್ಪುತ್ತಾರೆ. ಆದರೆ ಚಲಚ್ಚಿತ್ರದ ದೈತ್ಯಮೃಗಗಳ ಗೊಂಬೆಗಳನ್ನೂ ಅವುಗಳೊಡನೆ ಹೋರಾಡುವ ಆಟದ ವಾಹನಗಳನ್ನೂ ಕೂಡಿಡುವ ಹುಡುಗನನ್ನು ಕಂಡರೆ, "ಇದೆಂಥ ಕಾಲಹರಣ!" ಎಂದು ಮನೆಯಲ್ಲಿ ಗದರಿಸುವುದುಂಟು. ಈ ಗದರಿಕೆ ಎಷ್ಟರಮಟ್ಟಿಗೆ ನ್ಯಾಯವಾದುದು? ಜಪಾನ್ ದೇಶದ ಗೊಜಿರಾ ಎಂಬ ಮೃಗದ ಗೊಂಬೆಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡು ವಿಚಾರಮಾಡೋಣ. ಜಗತ್ತು ಗಾಡ್ಜಿಲ್ಲಾ ಎಂದು ಕರೆಯುವುದು ಇದನ್ನೇ.

ಮೃಗದ ಹುಟ್ಟು

೧೯೫೪ನೆಯ ಇಸವಿ ಮಾರ್ಚ್ ೧ರಂದು ಅಮೆರಿಕವು ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿ ಪರೀಕ್ಷಿಸಿತು. ಅದರ ಶಕ್ತಿ ೧೫ ಮೆಗಾಟನ್. ಎಂದರೆ ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಸುಮಾರು ಸಾವಿರ ಮಡಿ. ಅಪಾಯದ ವಲಯವೆಂದು ಸಾರಿದ್ದ ಎಲ್ಲೆಯ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯೊಂದರ ಮೇಲೆ ವಿಕಿರಣ ತುಂಬಿದ ಬಿಳಿಯ ಬೂದಿ ಸುರಿಯಿತು. ದೋಣಿಯ ಹೆಸರು ಐದನೆಯ ಫುಕುರ್ಯು ಮಾರು. ಅದರಲ್ಲಿದ್ದ ೨೩ ಮಂದಿಯೂ ಕಾಯಿಲೆ ಬಿದ್ದರು. ರೇಡಿಯೋ ಕೆಲಸದ ಕುಬೊಯಾಮಾ ಐಕಿಚಿಯವರು ಸೆಪ್ಟೆಂಬರ್ ೨೩ರಂದು ತೀರಿಕೊಂಡರು.

ಅದೇ ವರ್ಷದ ನವೆಂಬರ್ ೩ರಂದು ತೋಹೋ ಸಂಸ್ಥೆಯ 'ಗೊಜಿರಾ' ಚಿತ್ರವು ತೆರೆಕಂಡಿತು. ಬಾಂಬಿನ ಪರೀಕ್ಷೆಯಿಂದ ಕೆರಳಿ ಕಡಲಿನಿಂದೆದ್ದ ಮೃಗವು ಟೋಕಿಯೋ ನಗರವನ್ನು ತುಳಿದು ಸುಡುವುದೇ ಅದರ ಕಥೆ. ಬೆಳಕೊಂದು ಹೊಳೆದು ದೋಣಿಯೊಂದು ನಾಶವಾಗುವುದರಿಂದಲೇ ಚಿತ್ರ ಮೊದಲಾಗುತ್ತದೆ. ನಿರ್ದೇಶಕರಾದ ಹೊಂಡಾ ಇಶಿರೋ ಅವರು ಯುದ್ಧದಿಂದ ಹಿಂದಿರುಗುವಾಗ ಹಾಳಾದ ಹಿರೋಶಿಮಾವನ್ನು ಕಣ್ಣಾರೆ ಕಂಡವರು. ಹೀಗಿರಲು, ಆ ಮೃಗವು ಬರಿಯ ಕಟ್ಟುಕಥೆಯೆಂದು ಅಂದಿನ ಪ್ರೇಕ್ಷಕರು ಹೇಗೆ ತಿಳಿದಾರು?

ಚಿತ್ರವೇ ಒಂದು ಆಟ

ಇನ್ನೊಂದು ಸ್ವಾರಸ್ಯವನ್ನು ಗಮನಿಸಿರಿ. ಆ ಚಿತ್ರದ ನಗರವೂ ಟ್ಯಾಂಕುಗಳೂ ಆಟಿಕೆಗಳಂತೆ ಮಾಡಿದ ಕಿರುಮಾದರಿಗಳೇ. ತಂತ್ರಜ್ಞರಾದ ತ್ಸುಬುರಾಯಾ ಎಯ್ಜಿ ಅವರು ಕಟ್ಟಡಗಳನ್ನು ನಿಜದ ೨೫ನೆಯ ಒಂದು ಪಾಲಿನಷ್ಟು ಮಾಡಿಸಿ, ಅವುಗಳ ನಡುವೆ ಮೃಗದ ವೇಷ ತೊಟ್ಟ ನಟನನ್ನು ನಡೆಸಿದರು. ಕಥೆಯಲ್ಲಿ ಮೃಗದ ಎತ್ತರ ೫೦ ಮೀಟರ್. ವೇಷದ ಎತ್ತರವೆಷ್ಟೆಂದು ನೀವೇ ಭಾಗಿಸಿ ನೋಡಿರಿ. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರೀಕರಿಸಿದ್ದನ್ನು ಸಾಮಾನ್ಯ ವೇಗದಲ್ಲಿ ತೋರಿಸಿದಾಗ, ಚಲನೆ ನಿಧಾನವಾಗಿ ಹೆಜ್ಜೆಗೆ ಬೆಟ್ಟದ ಭಾರ ಬಂದಿತು.

ಗೊಂಬೆ ಮಾಡುವ ಬಗೆ

ಮೃದು ವಿನೈಲಿನ ಗೊಜಿರಾ ಗೊಂಬೆಯನ್ನು ಮಾರುಸಾನ್ ಎಂಬ ಸಂಸ್ಥೆಯು ೧೯೬೬ರಲ್ಲಿ ಅಂಗಡಿಗೆ ತಂದಿತು. ದ್ರವರೂಪದ ವಿನೈಲನ್ನು ಲೋಹದ ಅಚ್ಚಿನೊಳಕ್ಕೆ ಹೊಯ್ದು, ಅಚ್ಚನ್ನು ಕಾದ ಎಣ್ಣೆಯಲ್ಲಿ ಇಳಿಸುತ್ತಾರೆ. ಗೋಡೆಗೆ ತಗುಲಿದ ಪದರವು ಗಟ್ಟಿಯಾಗುತ್ತಲೇ ನಡುವಿನ ದ್ರವವನ್ನು ಹೊರಚೆಲ್ಲಿ, ಉಳಿದುದನ್ನು ಬಿಸಿಯಿರುವಾಗಲೇ ಅಚ್ಚಿನ ಬಾಯಿಂದ ಇಕ್ಕಳದಿಂದ ಎಳೆದು ತೆಗೆಯುತ್ತಾರೆ. ಮುಂಬಯಿಯಲ್ಲಿ ಗಣೇಶನ ಮೂರ್ತಿಯನ್ನು ಅಚ್ಚಿನಿಂದ ತೆಗೆಯುವುದನ್ನು ನೀವು ನೋಡಿರಬಹುದು. ಅಲ್ಲಿ ಮೂರ್ತಿ ಗಡುಸು, ಆದುದರಿಂದ ಅಚ್ಚನ್ನೇ ಬಿಡಿಸಬೇಕು; ಇಲ್ಲಿ ಅಚ್ಚು ಗಡುಸು, ಗೊಂಬೆಯೇ ಮೆತ್ತಗಾಗಿ ಬಳುಕಿ ಹೊರಬರುತ್ತದೆ.

ಸಾಲಿನಲ್ಲಿಟ್ಟಾಗ ಕಾಣುವ ಸತ್ಯ

ಚಿತ್ರ ಬಂದುದು ೧೯೫೪ರಲ್ಲಿ, ಈ ಗೊಂಬೆ ಬಂದುದು ೧೯೬೬ರಲ್ಲಿ. ನಡುವಿನ ೧೨ ವರ್ಷಗಳಲ್ಲಿ ಮೃಗದ ಸ್ವಭಾವವೇ ಬದಲಾಗಿತ್ತು. ೧೯೬೪ರ ಚಿತ್ರವೊಂದರಲ್ಲಿ ಅದು ಮೂರು ತಲೆಯ ಗಿಡೊರಾನ ಮೇಲೆ ಹೋರಾಡಿ ಮನುಷ್ಯರಿಗೆ ನೆರವಾಯಿತು. ಚಿತ್ರದ ಮೃಗದ ಮೈ ಇದ್ದಲಿನ ಬಣ್ಣದ್ದಾದರೂ ಗೊಂಬೆಗಳಿಗೆ ಹಸಿರು, ನೀಲಿಗಳೂ ಬಂದವು. ಮಕ್ಕಳ ಕೈಗೆ ಬಂದುದು ಊರು ಸುಟ್ಟ ಗೊಜಿರಾ ಅಲ್ಲ, ಮಕ್ಕಳ ಗೆಳೆಯನಾದ ಗೊಜಿರಾ.

ವಾಹನಗಳಲ್ಲಿಯೂ ಕಾಲದ ಗುರುತುಂಟು. ೧೯೬೬ರ ಮತ್ತೊಂದು ಮೃಗದ ಚಿತ್ರದಲ್ಲಿ ಬೋಗುಣಿಯಾಕಾರದ ಮೇಸರ್ ತೋಪನ್ನು ಹೊತ್ತ ಗಾಡಿಯೊಂದು ಬರುತ್ತದೆ. ತೋಪು ಕಲ್ಪಿತವಾದರೂ ಮೇಸರ್ ಕಲ್ಪಿತವಲ್ಲ. ಅದಕ್ಕೆ ಸಂಬಂಧಿಸಿದ ಸಂಶೋಧನೆಗಾಗಿ ಅಮೆರಿಕದ ಚಾರ್ಲ್ಸ್ ಟೌನ್ಸ್ ಅವರೂ ರಷ್ಯದ ಇಬ್ಬರು ವಿಜ್ಞಾನಿಗಳೂ ೧೯೬೪ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದರು.

೨೦೧೧ರ ಮಾರ್ಚ್ ೧೧ರಂದು ಭೂಕಂಪವೂ ಸುನಾಮಿಯೂ ಬಡಿದು ಫುಕುಶಿಮಾದ ಅಣುವಿದ್ಯುತ್ ಸ್ಥಾವರ ಕೆಟ್ಟಿತು. ಅಲ್ಲಿ ನೀರೆರೆಯಲು ಕಾಂಕ್ರೀಟ್ ಪಂಪಿನ ಲಾರಿಗಳನ್ನು ಬಳಸಿದ್ದರು. ೨೦೧೬ರ 'ಶಿನ್ ಗೊಜಿರಾ' ಚಿತ್ರದಲ್ಲಿ ಮೃಗವನ್ನು ಹೆಪ್ಪುಗಟ್ಟಿಸುವುದೂ ಅಂಥವೇ ಲಾರಿಗಳು. ಆ ಚಿತ್ರದ ಗೊಂಬೆಯ ಕರಿಯ ಮೈಯಲ್ಲಿ ಕೆಂಡದಂಥ ಬಿರುಕುಗಳಿವೆ. ಹಸಿರು ಗೊಂಬೆಯ ಪಕ್ಕದಲ್ಲಿ ಅದನ್ನಿಟ್ಟರೆ, ಆರಿದ ಭಯವು ಮತ್ತೆ ಹೊತ್ತಿಕೊಂಡುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಸಂಗ್ರಾಹಕನ ಕರ್ತವ್ಯ

ಪರರ ದುಃಖದಿಂದ ಹುಟ್ಟಿದ್ದನ್ನು ಆಟಕ್ಕೆ ಬಳಸಬಹುದೇ ಎಂದು ಕೆಲವರು ಕೇಳಬಹುದು. ತಕ್ಕ ಪ್ರಶ್ನೆಯೇ. ಭಯವನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿ ಆಡುವುದು ಮಕ್ಕಳ ಸಹಜ ಧರ್ಮ, ಅದರಲ್ಲಿ ದೋಷವಿಲ್ಲ. ಅದು ಯಾವುದರ ಭಯವೆಂಬುದನ್ನು ಮರೆತುಬಿಡುವುದೇ ದೋಷ. ಆದುದರಿಂದ ಪ್ರತಿಯೊಂದು ಗೊಂಬೆಗೂ ಒಂದು ಚೀಟಿ ಬರೆದಿಡಬೇಕು: ಯಾವ ಚಿತ್ರ, ಚಿತ್ರದ ವರ್ಷ, ಗೊಂಬೆಯ ವರ್ಷ, ತಯಾರಕರು, ಆ ಕಾಲದ ಘಟನೆ. ಪಾದದಡಿಯ ಗುರುತನ್ನು ಓದಿರಿ. ವಿನೈಲನ್ನು ಬಿಸಿಲಿಗಿಡಬೇಡಿರಿ, ವಾಹನಗಳ ಬ್ಯಾಟರಿಯನ್ನು ತೆಗೆದಿಡಿರಿ, ಮಳೆಗಾಲದ ತೇವದಿಂದ ತಗಡನ್ನು ಕಾಪಾಡಿರಿ. ಪೆಟ್ಟಿಗೆ ಒಡೆಯದ ಗೊಂಬೆಗೆ ಬೆಲೆ ಹೆಚ್ಚೆಂದು ಸಾಲಮಾಡಿ ಕೊಳ್ಳುವುದು ಸಂಗ್ರಹವಲ್ಲ, ವ್ಯಸನ. ನಾಲ್ಕೇ ಗೊಂಬೆಗಳಿದ್ದರೂ ಚೀಟಿಯಿದ್ದರೆ ಅದು ಸಂಗ್ರಹಾಲಯ. ಚೀಟಿಯಿಲ್ಲದ ನಾನೂರು ಗೊಂಬೆಗಳು ಬರಿಯ ರಾಶಿ.

ಐದನೆಯ ಫುಕುರ್ಯು ಮಾರು ದೋಣಿಯನ್ನು ೧೯೭೬ರಿಂದ ಟೋಕಿಯೋ ನಗರದ ಪ್ರದರ್ಶನ ಮಂದಿರವೊಂದರಲ್ಲಿ ಇರಿಸಿದ್ದಾರೆ. ಅಷ್ಟು ದೂರ ಹೋಗುವ ಅವಕಾಶ ನಮ್ಮಲ್ಲಿ ಎಷ್ಟು ಮಂದಿಗಿದ್ದೀತು? ಆದರೆ ಮೇಜಿನ ಮೇಲಿನ ಗೊಂಬೆಯಿಂದ ಆ ದೋಣಿಯವರೆಗೆ ನಮ್ಮ ಮನಸ್ಸನ್ನು ಕರೆದೊಯ್ಯಲು ಎರಡು ಸಾಲಿನ ಚೀಟಿ ಸಾಕು.

ಅಭ್ಯಾಸ

೧. ೧೯೫೪ರ ಚಿತ್ರಕ್ಕೂ ೧೯೬೬ರ ಗೊಂಬೆಗೂ ಇರುವ ವ್ಯತ್ಯಾಸಕ್ಕೆ ಕಾರಣವೇನು?
೨. ವಿನೈಲ್ ಗೊಂಬೆಯನ್ನು ಅಚ್ಚು ಬಿಡಿಸದೆ ತೆಗೆಯಲು ಹೇಗೆ ಸಾಧ್ಯ?
೩. ನಿಮ್ಮ ಮನೆಯಲ್ಲಿರುವ ಯಾವುದಾದರೊಂದು ಆಟಿಕೆಗೆ ಐದು ಸಾಲಿನ ಚೀಟಿ ಬರೆಯಿರಿ.